ಪಾತ್ರೆಗಳಿಗೂ ಕೇಳುವ ಸದ್ದು

ಆ ಕರೆ ನನಗೆ ಮೊದಲ ಸಲ ಕೇಳಿದ್ದು ತುರ್ವಿಹಾಳದ ಶಾಲೆಯಲ್ಲಿ, ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಾಗ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿಂಧನೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನಮ್ಮ ಮನೆತನದಲ್ಲಿ ಸರಕಾರಿ ಪಗಾರ ತಂದ ಮೊದಲ ಹೆಣ್ಣು ನಾನೇ ಎಂದು ಅವ್ವ ಓಣಿಯಲ್ಲಿ ಎಲ್ಲರಿಗೂ ಹೇಳುತ್ತಿದ್ದಳು.

ಮಕ್ಕಳು ಒಂದೇ ರಾಗದಲ್ಲಿ ಮಗ್ಗಿ ಒಪ್ಪಿಸುತ್ತಿದ್ದರು. ಆ ರಾಗದ ನಡುವೆ, ಕಿಟಕಿಯ ಕಡೆಯಿಂದ, ಒಬ್ಬ ಹೆಂಗಸು ನನ್ನ ಹೆಸರು ಹಿಡಿದು ಕರೆದಳು. ಶಾಲೆಯವರು ಕರೆಯುವ ಹೆಸರಲ್ಲ, ಮನೆಯಲ್ಲಿ ಸಣ್ಣವಳಿದ್ದಾಗ ಕರೆಯುತ್ತಿದ್ದ ಹೆಸರು. ನಾನು ತಿರುಗಿ ನೋಡಿದೆ. ಹೊರಗೆ ನೀರು ನಿಲ್ಲಿಸಿದ ಗದ್ದೆ, ಅದರಲ್ಲಿ ಬೆಳ್ಳಕ್ಕಿಗಳು. ಯಾರೂ ಇರಲಿಲ್ಲ. ಮಕ್ಕಳ ಕಡೆ ನೋಡಿದೆ. ಒಂದು ಮಗುವೂ ಕಿಟಕಿಯತ್ತ ತಲೆ ಎತ್ತಿರಲಿಲ್ಲ, ರಾಗವೂ ನಿಂತಿರಲಿಲ್ಲ. ಕರೆದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು.

ಆಮೇಲೆ ಆ ದನಿ ನೀರಿದ್ದಲ್ಲೆಲ್ಲ ಇರತೊಡಗಿತು. ಬಸ್ಸಿಳಿದು ಶಾಲೆಗೆ ಹೋಗುವ ದಾರಿ ಕಾಲುವೆಯ ದಂಡೆಯ ಮೇಲೆಯೇ ಸಾಗುತ್ತಿತ್ತು. ನಾನು ನಡೆದಂತೆ ಅವಳೂ ಕೆಳಗೆ, ನೀರಿನ ಮಟ್ಟದಲ್ಲಿ, ನನಗಿಂತ ಒಂದಿಷ್ಟು ಹಿಂದೆ ಬರುತ್ತಿದ್ದಳು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ತವರಿಗೆ ಬಂದ ಮಗಳನ್ನು ಸ್ನಾನಕ್ಕೆ ಕರೆಯುವ ದನಿ. “ಬಾರವ್ವ, ನೀರು ಬೆಚ್ಚಗದಾವ” ಎನ್ನುತ್ತಿದ್ದಳು. ಒಂದು ದಿನ ಬೆಳಿಗ್ಗೆ ಅವಳನ್ನು ಕಂಡೆ ಕೂಡ. ತೂಬಿನ ಕಟ್ಟೆಯ ಮೇಲೆ ಆಚೆ ಮುಖ ಮಾಡಿ ಕೂತಿದ್ದಳು. ಒದ್ದೆ ಸೀರೆ ಬೆನ್ನಿಗೆ ಅಂಟಿತ್ತು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನ ಕಲ್ಲು ಮಾತ್ರ ಒಣಗಿಯೇ ಇತ್ತು.

ನಾನು ಶಾಲೆ ಬಿಟ್ಟೆ. ಮನೆಯಲ್ಲಿ ಅಡುಗೆಮನೆಗೆ ಹೋಗುವುದನ್ನೂ ಬಿಟ್ಟೆ, ಯಾಕೆಂದರೆ ಕೊಡದಿಂದಲೂ ಅದೇ ದನಿ ಬರುತ್ತಿತ್ತು. ಅವ್ವ ಏನು ಕೇಳಿದರೂ ನಾನು ಹೇಳಲಿಲ್ಲ. ಹೇಳಿದರೆ ಅವಳೂ ಕಿವಿಗೊಡುತ್ತಾಳೆ, ಕಿವಿಗೊಟ್ಟರೆ ಅವಳಿಗೂ ಕೇಳುತ್ತದೆ ಎಂದು ನನ್ನ ಅಂಜಿಕೆ. ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡ ನಮ್ಮ ಮನೆಯಲ್ಲಿ ತಾಯತ ಕಟ್ಟಿಸುವ ರೂಢಿ ಇರಲಿಲ್ಲ. ಆದರೂ ನೆರೆಯವರು ಹೇಳಿದರೆಂದು ಅವ್ವ ನನ್ನ ತೋಳಿಗೆ ಒಂದು ದಾರ ಕಟ್ಟಿಸಿಕೊಂಡು ಬಂದಳು. ಕೊನೆಗೆ ನಮ್ಮ ಹೆಡ್‌ಮಾಸ್ತರರು ಮನೆಗೆ ಬಂದು, ಲಿಂಗಸುಗೂರಿನ ಸರಕಾರಿ ದವಾಖಾನೆಗೆ ತಿಂಗಳಿಗೊಮ್ಮೆ ಮನಸ್ಸಿನ ಬೇನೆಯ ಡಾಕ್ಟರು ಬರುತ್ತಾರೆ, ಕರಕೊಂಡು ಹೋಗಿರಿ, ನೌಕರಿ ಎಲ್ಲೂ ಹೋಗುವುದಿಲ್ಲ ಎಂದು ಹೇಳಿದರು.

ದವಾಖಾನೆಯ ವರಾಂಡದಲ್ಲಿ ಒಂದು ಉದ್ದನೆಯ ಬೆಂಚು. ಅವ್ವ ಚೀಟಿ ಮಾಡಿಸಲು ಹೋದಾಗ ನನ್ನ ಪಕ್ಕಕ್ಕೆ ಒಬ್ಬ ಹೆಂಗಸು ಬಂದು ಕೂತಳು. ನಲವತ್ತರ ಆಸುಪಾಸಿನವಳು. ತೊಡೆಯ ಮೇಲೆ ಪ್ಲಾಸ್ಟಿಕ್ ಬುಟ್ಟಿ, ಹಣೆಯ ತುಂಬ ಕುಂಕುಮ. ಯಾವ ಊರು, ಯಾರ ಮಗಳು, ಏನಾಯಿತು ಎಂದು ಅವಳು ಕೇಳಲಿಲ್ಲ. ಬುಟ್ಟಿಯನ್ನು ಕಾಲ ಬಳಿ ಇಟ್ಟು ಇಷ್ಟೇ ಕೇಳಿದಳು.

“ಹೆಣ್ಣು ದನಿಯೋ, ಗಂಡು ದನಿಯೋ?”

ತಿಂಗಳುಗಟ್ಟಲೆ ನನ್ನ ಸುತ್ತ ಇದ್ದವರಲ್ಲಿ ಒಬ್ಬರೂ ಕೇಳದ ಪ್ರಶ್ನೆ. “ಹೆಣ್ಣು” ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು.

“ನನಗ ಗಂಡಸರು,” ಎಂದಳು ಅವಳು. “ನಾಕೈದು ಮಂದಿ. ನೆಲದಾಗಿಂದ ಮಾತಾಡತಿದ್ರು.” ತನ್ನ ಮನೆಯಲ್ಲಿ ಹಿಂದೆ ಬಾಡಿಗೆಗಿದ್ದವರ ಬಗ್ಗೆ ಹೇಳುವಂತೆ ಹೇಳಿದಳು.

ಎಲ್ಲರೂ ಅವಳನ್ನು ಹಟ್ಟಿಯಕ್ಕ ಎನ್ನುತ್ತಿದ್ದರು. ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿಯುವವನು. ಅವಳು ಬಹಳ ವರ್ಷ ಇದೇ ಡಾಕ್ಟರ ಕೈಯಲ್ಲಿ ಔಷಧ ತಿಂದವಳು. ಗುಣ ಕಂಡ ಮೇಲೆ, ಹೊಸಬರ ಪಕ್ಕಕ್ಕೆ ಕೂತು ಮಾತಾಡುತ್ತೀಯಾ ಎಂದು ಡಾಕ್ಟರೇ ಕೇಳಿದರಂತೆ. ಅಂದಿನಿಂದ ತನ್ನ ಪಾಳಿ ಇರಲಿ ಬಿಡಲಿ, ಡಾಕ್ಟರು ಬರುವ ದಿನ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ಇಂಥ ಕೆಲಸಕ್ಕೆ ಈಗ ಹೆಸರಿದೆ, ತರಬೇತಿ ಇದೆ ಎಂದು ಕೇಳಿದ್ದೇನೆ. ಆಗ ಅದಕ್ಕೆ ಹೆಸರೇ ಇರಲಿಲ್ಲ.

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಬೇಗ ಬೇಗ ಮಾತಾಡುವ, ಒಳ್ಳೆಯ ಮನಸ್ಸಿನ ಮನುಷ್ಯ. ಅವರು ಹೇಳಿದ್ದರಲ್ಲಿ ನನಗೆ ಅರ್ಧ ಮಾತ್ರ ತಲೆಗೆ ಹೋಯಿತು. ಉಳಿದರ್ಧವನ್ನು ಹಟ್ಟಿಯಕ್ಕ ಹೊರಗೆ ಬಂದ ಮೇಲೆ ಹೇಳಿದಳು. ನಾಲಿಗೆ ದಪ್ಪ ಆದಂತಾಗುತ್ತದೆ, ಕೈ ನಡುಗುತ್ತದೆ, ಬಿಟ್ಟುಬಿಡಬೇಕು ಅನಿಸುತ್ತದೆ, ಬಿಡಬೇಡ, ಬಂದು ಡಾಕ್ಟರಿಗೆ ಹೇಳು, ಅವರು ಬದಲಿಸಿ ಕೊಡುತ್ತಾರೆ ಎಂದಳು. ಹಾಗೆಯೇ ಆಯಿತು. ಎರಡನೆಯ ಸಲ ಬದಲಿಸಿದ ಗುಳಿಗೆ ನನಗೆ ಹಿಡಿಸಿತು. ಕೊಡದೊಳಗಿನ ದನಿ ದೂರವಾಗುತ್ತ, ಪಕ್ಕದ ಮನೆಯ ರೇಡಿಯೋದಂತೆ ಆಗುತ್ತ, ಒಂದು ದಿನ ನೀರು ಬಗ್ಗಿಸುವಾಗ ಬರೀ ನೀರಿನ ಸದ್ದೇ ಕೇಳಿತು. ನಾನು ಮತ್ತೊಮ್ಮೆ ಬಗ್ಗಿಸಿ ಕೇಳಿದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಹಟ್ಟಿಗೆ, ಅವಳ ಮನೆಗೆ ಹೋದೆ. ಕಂಪನಿಯ ಮನೆಗಳ ಸಾಲಿನಲ್ಲಿ ಒಂದು ಮನೆ. ಗಂಡ ಶಿಫ್ಟಿಗೆ ಹೋಗಿದ್ದ. ಅವಳು ಚಹಾ ಕೊಟ್ಟು ಎದುರಿಗೆ ಕೂತಳು. ಮಾತು ಅದೂ ಇದೂ ನಡೆದಿತ್ತು. ಆಗ ನೆಲದಡಿಯಿಂದ ಒಂದು ಗುದ್ದು ಬಂತು. ದೊಡ್ಡದಲ್ಲ. ಯಾರೋ ಆಳದಲ್ಲಿ ಬಾಗಿಲು ಹಾಕಿದಂತೆ. ಅಂಗಾಲಿನಿಂದ ಅದು ನನ್ನ ಹಲ್ಲಿನವರೆಗೆ ಏರಿತು. ನಾನು ಎದ್ದು ನಿಂತುಬಿಟ್ಟೆ. ಮತ್ತೆ ಶುರುವಾಯಿತು, ಈ ಸಲ ನೀರಿನಿಂದಲ್ಲ, ನೆಲದಿಂದ ಎಂದುಕೊಂಡೆ.

ಅವಳು ನನ್ನ ಮುಂಗೈ ಹಿಡಿದು ಗೂಡಿನ ಕಡೆ ತೋರಿಸಿದಳು. ಗೂಡಿನಲ್ಲಿ ಜೋಡಿಸಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು.

“ಇದು ಖರೇನ ಐತಿ,” ಎಂದಳು. “ಕೆಳಗ ಗಣಿಯಾಗ ಕಲ್ಲು ಒಡಿಯಾಕ ಮದ್ದು ಹಾರಸತಾರ. ನಿನಗೂ ಕೇಳತೈತಿ, ನನಗೂ ಕೇಳತೈತಿ, ಪಾತ್ರಿಗೋಳಿಗೂ ಕೇಳತೈತಿ. ಪಾತ್ರಿಗೋಳಿಗೆ ಕೇಳಲಾರದ್ದು ಬ್ಯಾರೆ ಇರತೈತಿ. ಅದನ್ನ ಡಾಕ್ಟರಿಗೆ ಹೇಳಬೇಕು.”

ಆಮೇಲೆ ತನ್ನ ಕಥೆ ಹೇಳಿದಳು. ಮದುವೆಯಾಗಿ ಹಟ್ಟಿಗೆ ಬಂದಾಗ ಈ ಗುದ್ದಿನ ಬಗ್ಗೆ ಯಾರೂ ಅವಳಿಗೆ ಹೇಳಿರಲಿಲ್ಲವಂತೆ. ಗಂಡ ಕೆಳಗಿದ್ದಾನೆ, ನೆಲ ನಡುಗುತ್ತಿದೆ, ಇವಳು ಮನೆಯಲ್ಲಿ ಒಬ್ಬಳೇ. ನಡುಗಿದಾಗಲೆಲ್ಲ ನೆಲಕ್ಕೆ ಕಿವಿ ಹಚ್ಚಿ, ಅವನು ಇದ್ದಾನೋ ಇಲ್ಲವೋ ಎಂದು ಕೇಳುತ್ತಿದ್ದಳು. ವರ್ಷಗಟ್ಟಲೆ ಹಾಗೆ ಕೇಳಿದಳು. “ಒಂದು ದಿವಸ ನೆಲದಾಗಿನವರು ಮಾತಾಡಿದ್ರು,” ಎಂದಳು. “ಮೊದಲ ಸಲ ಕೇಳಿದಾಗ ನನಗ ಸಂತೋಷ ಆಗಿತ್ತು, ಗೊತ್ತೇನು? ಯಾರೋ ಅದಾರಲ್ಲ ಅಂತ.” ನನ್ನವಳು ಕರೆದಾಗಲೂ ಭಯದ ತಳದಲ್ಲಿ ಅಂಥದೇ ಒಂದು ಸಂತೋಷ ಇತ್ತು. ಅದನ್ನು ನಾನು ಡಾಕ್ಟರಿಗೂ ಹೇಳಿರಲಿಲ್ಲ. ಮುಂದಿನ ತಿಂಗಳು ಹೇಳಿದೆ.

ನಾನು ಮತ್ತೆ ಶಾಲೆಗೆ ಹೋದೆ. ಡಾಕ್ಟರು ಬರುವ ದಿನ ರಜೆ ಹಾಕಿ ನಾನೂ ಬೆಂಚಿನ ಮೇಲೆ ಕೂರತೊಡಗಿದೆ. ಡಾಕ್ಟರು ಕೇಳಿದ್ದರು, ಹಟ್ಟಿಯಕ್ಕ ಒತ್ತಾಯ ಮಾಡಿದ್ದಳು. ಬಂದವರಿಗೆ ನಾನು ಹೇಳುತ್ತಿದ್ದುದು ಹೆಚ್ಚೇನಲ್ಲ. ನನಗೂ ಆಗಿತ್ತು, ನಾನು ಈಗ ಪಾಠ ಮಾಡುತ್ತೇನೆ, ಈ ಗುಳಿಗೆ ತಿಂದರೆ ಬಾಯಿ ಒಣಗುತ್ತದೆ, ಅಷ್ಟೇ. ಕೆಲವರು ಮಾತಾಡುತ್ತಿದ್ದರು. ಕೆಲವರು ನನ್ನನ್ನು ದಾಟಿ ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಅವರು ನೋಡುವ ಕಡೆ ತಿರುಗಿ ನೋಡಬಾರದು ಎಂಬುದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು.

ತೊಂಬತ್ತರ ದಶಕ ಶುರುವಾದ ಮೇಲೆ ಒಂದು ಸಲ ಮಸ್ಕಿಯಿಂದ ಒಬ್ಬ ಹೆಣ್ಣುಮಗಳು ಒಬ್ಬಳೇ ಬಂದಳು. ಗಂಡ ಟೇಲರ್. ಕೈಯಲ್ಲಿ ಒಳ್ಳೆ ಕಸುಬಿದ್ದವನು ಎರಡು ತಿಂಗಳಿಂದ ಮಶಿನ್ ಮುಟ್ಟಿಲ್ಲ, ಅಂಗಡಿಯ ಕನ್ನಡಿಗೆ ಬಟ್ಟೆ ಮುಚ್ಚಿದ್ದಾನೆ, ಮನೆಯಿಂದ ಹೊರಗೆ ಬರುವುದಿಲ್ಲ ಎಂದಳು. ನೋಡದೆ ಔಷಧ ಕೊಡುವುದು ಹೇಗೆ ಎಂದು ಡಾಕ್ಟರು ಚಿಂತೆಗೆ ಬಿದ್ದರು. ಹಟ್ಟಿಯಕ್ಕ, ನಾವಿಬ್ಬರು ಹೋಗಿ ಮಾತಾಡಿ ನೋಡುತ್ತೇವೆ ಎಂದಳು.

ಹೋದ ದಿನ ಮಸ್ಕಿಯಲ್ಲಿ ಸಂತೆ. ಹೊರಗೆ ಮೆಣಸಿನಕಾಯಿಯ ಘಾಟು, ಬಸ್ಸಿನ ಹಾರ್ನು, ಮಂದಿಯ ಗದ್ದಲ. ಮುಂದೆ ಅಂಗಡಿ, ಹಿಂದೆ ಮನೆ ಇದ್ದ ಆ ಕೋಣೆಯ ಒಳಗೆ ಕಾಲಿಟ್ಟರೆ ಸದ್ದೆಲ್ಲ ಬಾಗಿಲಲ್ಲೇ ನಿಂತಂತಾಯಿತು. ಹೊಲಿದ ಅಂಗಿ, ಜಂಪರುಗಳು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು, ಯಾರೂ ಒಯ್ಯದೆ ಧೂಳು ಹಿಡಿದಿದ್ದವು. ಆ ಸಾಲಿನ ಕೆಳಗೆ ಟೇಲರ್ ಗೋಡೆಗೆ ಆತು ಕೂತಿದ್ದ. ಮೂವತ್ತರ ಹರೆಯ, ಗಡ್ಡ ಬೆಳೆದಿತ್ತು. ನಮ್ಮನ್ನು ನೋಡಿದ, ಆಮೇಲೆ ನಮ್ಮ ಹಿಂದಿನ ಹೊಸ್ತಿಲು ನೋಡಿದ.

“ಮೂರು ಮಂದಿ ಯಾಕ ಬಂದೀರಿ?” ಎಂದು ಕೇಳಿದ.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವನ ಹೆಂಡತಿ ಒಳಗೆ ಒಲೆಯ ಮುಂದೆ ಇದ್ದಳು.

ಹಟ್ಟಿಯಕ್ಕ ತಿರುಗಿ ನೋಡಲಿಲ್ಲ. “ನನಗ ಕಾಣವಲ್ರಪ್ಪ,” ಎಂದಳು ನಿಧಾನಕ್ಕೆ. “ನಿನಗ ಕಾಣತಾರಂದ್ರ ನಿನಗ ಕಾಣತಾರ. ನಾವು ಮಾತ್ರ ನಿನ್ನ ಕೂಡ ಮಾತಾಡಾಕ ಬಂದೀವಿ.”

“ಆಕಿಗೆ ಒಳಗ ಬರಬ್ಯಾಡ ಅನ್ರಿ,” ಎಂದ ಅವನು. “ಸೀರಿ ತೊಯ್ಸಿಕೊಂಡು ಬಂದಾಳ. ಮಂದಿ ಬಟ್ಟಿ ಎಲ್ಲ ಒದ್ದಿ ಆಗತಾವ.”

ನನಗೆ ಆಮೇಲೆ ನಡೆದದ್ದು ಸರಿಯಾಗಿ ನೆನಪಿಲ್ಲ. ತೂಬಿನ ಕಟ್ಟೆಯ ಮೇಲೆ ಕಂಡವಳ ಬಗ್ಗೆ ನಾನು ಡಾಕ್ಟರೊಬ್ಬರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಟ್ಟಿಯಕ್ಕನಿಗೂ ದನಿ ಮಾತ್ರ ಗೊತ್ತಿತ್ತು, ಸೀರೆ ಗೊತ್ತಿರಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳು ಗಾಳಿಯಿಲ್ಲದೆ ಸರಿದಂತೆ ಕಂಡವು. ನಾನು ಹೊರಗೆ ಬಂದು ಸಂತೆಯ ನಡುವೆ ನಿಂತೆ. ಅಷ್ಟು ಮಂದಿಯಲ್ಲಿ ಯಾರದಾದರೂ ಮೈಗೆ ತಾಗಿ ನಿಲ್ಲಬೇಕು ಅನಿಸುತ್ತಿತ್ತು.

ಹಟ್ಟಿಯಕ್ಕ ಒಳಗೆ ಬಹಳ ಹೊತ್ತು ಕೂತು ಬಂದಳು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾನು ಅವಳಿಗೆ ಎಲ್ಲ ಹೇಳಿದೆ. ಆ ಒದ್ದೆ ಸೀರೆಯವಳು ನನ್ನವಳು, ನನ್ನನ್ನು ಬಿಟ್ಟು ಅವನ ಹತ್ತಿರ ಹೋಗಿದ್ದಾಳೆ, ಇಲ್ಲವಾದರೆ ನಾನೇ ಇವತ್ತು ಕರಕೊಂಡು ಬಂದೆ ಎಂದೆ.

ಅವಳು ನಗಲಿಲ್ಲ. “ಈ ಸೀಮ್ಯಾಗ ಕಾಲುವಿ ಇರಲಾರದ ಊರು ಯಾವುದೈತಿ?” ಎಂದಳು. “ನೀರಿಗೆ ಬಿದ್ದ ಹೆಣ್ಣಮಕ್ಕಳ ಸುದ್ದಿ ಕೇಳಲಾರದವರು ಯಾರದಾರ? ಅಂಜಿಕಿ ಬಂದಾಗ ತಲಿ ಆ ಅಂಜಿಕಿಗೆ ತನಗ ಗೊತ್ತಿದ್ದದ್ದನ್ನ ಉಡಸತೈತಿ. ನಿನ್ನ ಅಂಜಿಕಿಗೂ ಒದ್ದಿ ಸೀರಿ ಉಡಿಸೇತಿ, ಅವನ ಅಂಜಿಕಿಗೂ ಅದನ್ನ ಉಡಿಸೇತಿ.” ಆಮೇಲೆ ಕೇಳಿದಳು. “ಇವತ್ತು ಗುಳಿಗಿ ತಗೊಂಡೀಯಿಲ್ಲೊ? ನಿದ್ದಿ ಸರಿ ಆಗೇತಿಲ್ಲೊ?” ತಗೊಂಡಿದ್ದೆ. ನಿದ್ದೆ ಆಗಿರಲಿಲ್ಲ. ಶಾಲೆಯ ಪರೀಕ್ಷೆ, ಅವ್ವನ ಜ್ವರ ಎಂದು ವಾರದಿಂದ ಸರಿಯಾಗಿ ಮಲಗಿರಲಿಲ್ಲ. ಮೊದಲು ಮಲಗು, ಡಾಕ್ಟರಿಗೆ ಹೇಳು, ಆಮೇಲೆ ಬರಬೇಕು ಅನಿಸಿದರೆ ಬಾ ಎಂದಳು.

ನಾನು ಎರಡನ್ನೂ ಮಾಡಿದೆ. ಡಾಕ್ಟರು ಗುಳಿಗೆಯನ್ನು ಸ್ವಲ್ಪ ಏರಿಸಿದರು. ನಿದ್ದೆ ಬಂತು. ಆದರೆ ಆ ಟೇಲರ್ ನನ್ನ ತಲೆಯಿಂದ ಹೋಗಲಿಲ್ಲ. ಅವನು ಹೊಸ್ತಿಲು ನೋಡಿದ ರೀತಿ ನನಗೆ ಗೊತ್ತಿತ್ತು. ಒಂದು ಭಾನುವಾರ ನಾನೊಬ್ಬಳೇ ಮಸ್ಕಿಗೆ ಹೋದೆ.

ಅವನು ಅಲ್ಲೇ ಕೂತಿದ್ದ. ನಾನು ಹೊಸ್ತಿಲ ಒಳಗೆ, ನೆಲದ ಮೇಲೆ ಕೂತು, ಅವನು ಕೇಳಲಿ ಬಿಡಲಿ ಎಂದು ನನ್ನ ಸುದ್ದಿ ಹೇಳತೊಡಗಿದೆ. ಮಗ್ಗಿ, ಕಿಟಕಿ, ಕಾಲುವೆ, ಕೊಡ. ಸೀರೆಯ ವಿಷಯ ಬಂದಾಗ ಹೊಸ್ತಿಲ ಕಡೆ ತಿರುಗದೆ ಅದನ್ನೂ ಹೇಳಿದೆ. ಅವನು ಅಲ್ಲಿಯತನಕ ನೆಲ ನೋಡುತ್ತಿದ್ದವನು ಮುಖ ಎತ್ತಿದ.

“ನಿಮ್ಮಾಕಿನೂ ಹೆಸರು ಹಿಡಿದು ಕರೀತಿದ್ಲೇನ್ರಿ?”

“ಕರೀತಿದ್ಲು.”

“ಈಗ?”

“ಈಗ ಕರಿಯಂಗಿಲ್ಲ. ನೀರು ಬರೇ ನೀರಿನಂಗ ಕೇಳತಾವ.”

ಅವನು ಒಮ್ಮೆ ಮೇಲಿನ ಸಾಲನ್ನು ನೋಡಿದ. ಆಮೇಲೆ, ಹಗ್ಗದ ಮೇಲಿನ ಬಟ್ಟೆಗಳನ್ನು ಕೆಳಗಿಳಿಸಬೇಕೆಂದರೆ ತನಗೆ ಧೈರ್ಯ ಬರುತ್ತಿಲ್ಲ, ನೀವು ಇಳಿಸುತ್ತೀರಾ ಎಂದು ಕೇಳಿದ. ನಾನೂ ಅವನ ಹೆಂಡತಿಯೂ ಒಂದೊಂದಾಗಿ ಇಳಿಸಿದೆವು. ಪ್ರತಿಯೊಂದನ್ನೂ ಅವನಿಗೆ ಮುಟ್ಟಿಸಿದೆವು. ಎಲ್ಲ ಒಣಗಿದ್ದವು. ಅವನು ಮುಟ್ಟಿ ಮುಟ್ಟಿ ನೋಡಿ, ಕೊನೆಯ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತ. ಮುಂದಿನ ತಿಂಗಳು ಹೆಂಡತಿಯ ಜೊತೆ ಲಿಂಗಸುಗೂರಿಗೆ ಬಂದ. ಗುಣವಾಗಲು ವರ್ಷದ ಮೇಲೆ ಹಿಡಿಯಿತು. ಕನ್ನಡಿಯ ಬಟ್ಟೆಯನ್ನು ಅವನು ತೆಗೆಯಲೇ ಇಲ್ಲ ಎಂದು ಹೆಂಡತಿ ಹೇಳುತ್ತಿದ್ದಳು. ಗಿರಾಕಿಗಳಿಗೆ ಬೇರೆ ಕನ್ನಡಿ ತಂದಿಟ್ಟಳು. ಮಶಿನ್ ಮಾತ್ರ ನಡೆಯಿತು.

ಇದಾಗಿ ಕೆಲವು ವರ್ಷಗಳಿಗೆ ಹಟ್ಟಿಯಕ್ಕನ ಗಂಡ ನಿವೃತ್ತನಾದ. ಕಂಪನಿಯ ಮನೆ ಬಿಟ್ಟು ತುರ್ವಿಹಾಳದ ಆಚೆಗಿನ ಅವರ ಹಳ್ಳಿಗೆ ಹೋದರು. ಹೊಲ, ಹೊಸ ಮನೆ, ಗಾಳಿ ಬೆಳಕು. ನಮಗೆಲ್ಲ ಅವಳಿಗೆ ಸುಖದ ದಿನ ಬಂದವು ಅನಿಸಿತ್ತು. ಮೊದಲ ತಿಂಗಳು ಬೆಂಚಿಗೆ ಬಂದಳು. ಆಮೇಲೆ ಬರಲಿಲ್ಲ. ನಾಟಿಯ ಕೆಲಸ ಇರಬೇಕು ಎಂದುಕೊಂಡೆವು. ಮತ್ತೂ ಬರದಿದ್ದಾಗ ನಾನು ಶಾಲೆ ಮುಗಿಸಿಕೊಂಡು ಹೋದೆ.

ಅವಳ ಗಂಡ ಅಂಗಳದಲ್ಲೇ ಸಿಕ್ಕ. ಗುಳಿಗೆ ಬಿಟ್ಟಿದ್ದಾಳೆ, ಉಣ್ಣುವುದಿಲ್ಲ, ನನ್ನನ್ನು ಹತ್ತಿರ ಬರಗೊಡುವುದಿಲ್ಲ ಎಂದ. ಇಡೀ ಆಯುಷ್ಯ ಭೂಮಿಯ ಒಳಗೆ ದುಡಿದ ಗಟ್ಟಿ ಮನುಷ್ಯ, ಆ ದಿನ ತನ್ನ ಮನೆಯ ಬಾಗಿಲು ದಾಟಲು ಹೆದರಿ ಹೊರಗೆ ನಿಂತಿದ್ದ.

ಒಳಗೆ ಅವಳು ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದಳು. ಸಂಜೆಯ ಬಿಸಿಲು ಬಾಗಿಲಿನಿಂದ ಅವಳ ಕಾಲಿನವರೆಗೆ ಬಂದಿತ್ತು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನಾನು ಅವಳ ಪಕ್ಕಕ್ಕೆ, ಅವಳಂತೆಯೇ, ನೆಲಕ್ಕೆ ಕಿವಿ ಹಚ್ಚಿ ಮಲಗಿದೆ. ನಮ್ಮಿಬ್ಬರ ಮುಖಗಳು ಎದುರುಬದುರಾದವು.

“ಅಲ್ಲಿ ಗುದ್ದು ಬರತಿತ್ತು,” ಎಂದು ಪಿಸುಗುಟ್ಟಿದಳು. “ಅದು ಬಂದಾಗ ಈ ನೆಲದಾಗಿನ ಮಂದಿ ಸುಮ್ಮನಾಗತಿದ್ರು. ಇಲ್ಲಿ ನೆಲ ಸತ್ತಂಗೈತಿ. ಈಗ ಅಗಿಯಾಕತ್ತಾರ. ಮ್ಯಾಲ ಬರಾಕತ್ತಾರ.”

ನನಗೆ ಓಡಿಹೋಗಬೇಕು ಅನಿಸಿತು. ಯಾಕೆಂದರೆ ನಾನೂ ಕಿವಿಗೊಟ್ಟು ಕೇಳುತ್ತಿದ್ದೆ, ಕೇಳಿಸಿಬಿಟ್ಟರೆ ಏನು ಮಾಡಲಿ ಎಂದು ಉಸಿರು ಹಿಡಿದಿದ್ದೆ. ಕೇಳಿದ್ದನ್ನು ಒಂದೊಂದಾಗಿ ಹೇಳಿದೆ. ದೂರದಲ್ಲಿ ಪಂಪ್‌ಸೆಟ್ಟು ನಡೆದಿದೆ. ಅದು ತನಗೂ ಕೇಳುತ್ತದೆ ಎಂದು ತಲೆಯಾಡಿಸಿದಳು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾರೆ. ಹೌದು ಎಂದಳು. ನಿನ್ನ ಗಂಡ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾನೆ. ಅದಕ್ಕೂ ಹೌದು ಎಂದಳು.

“ಅಗಿಯೋದು?” ಎಂದು ಕೇಳಿದಳು.

“ಇಲ್ಲ ಅಕ್ಕಾರ. ನನಗ ಕೇಳವಲ್ದು.”

“ಖರೇನ?”

“ಖರೇನರಿ. ಕೇಳಿದ್ರ ನಾ ನಿಮಗ ಹೇಳತಿದ್ದಿಲ್ಲೇನು?”

ಅವಳು ನನ್ನ ಕಣ್ಣನ್ನೇ ನೋಡಿದಳು. ಗಂಡನೂ ಅದನ್ನೇ ಹೇಳಿದ್ದನಂತೆ, ಎಷ್ಟೋ ಸಲ. ಆದರೆ ಅವನು ಅಷ್ಟು ವರ್ಷ ಕೆಳಗೇ ಇದ್ದವನು, ಅವರ ಪೈಕಿಯವನೇ ಇರಬೇಕು ಎಂದು ಅವಳಿಗೆ ಅನುಮಾನ. ಅದನ್ನು ಹೇಳುವಾಗ ಅವಳ ದನಿ ಎಷ್ಟು ಸಣ್ಣದಾಯಿತೆಂದರೆ, ಅಂಗಳದ ಹೆಜ್ಜೆಗಳು ಅದಕ್ಕಿಂತ ದೊಡ್ಡದಾಗಿ ಕೇಳಿಸಿದವು. ಅವಳನ್ನು ಎಬ್ಬಿಸಿ ಕೂರಿಸಿದೆ. ನನ್ನ ಕೈಯಿಂದ ಸ್ವಲ್ಪ ಅನ್ನ ಉಂಡಳು.

ಡಾಕ್ಟರು ಬರುವ ದಿನದವರೆಗೆ ಕಾಯುವಂತಿರಲಿಲ್ಲ. ಮರುದಿನವೇ ನಾನು, ಅವಳು, ಅವಳ ಗಂಡ ಸೇರಿ ಡಾಕ್ಟರಿದ್ದ ಊರಿಗೇ ಹೋದೆವು. ಬಸ್ಸಿನಲ್ಲಿ ಅವಳು ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಳು, ಬಸ್ಸಿನ ತಳಕ್ಕೂ ಪಾದ ತಾಗಿಸಲಿಲ್ಲ. ದಾರಿಯುದ್ದಕ್ಕೂ ನನ್ನ ಮುಂಗೈ ಹಿಡಿದಿದ್ದಳು. ಡಾಕ್ಟರು ಅವಳನ್ನು ಕೆಲವು ದಿನ ದವಾಖಾನೆಯಲ್ಲೇ ಇರಿಸಿಕೊಂಡರು. ಅವಳ ಗಂಡ ಹೊರಗಿನ ಮರದ ಕೆಳಗೆ ಮಲಗಿ ಕಾದ.

ತಿರುಗಿ ಬಂದ ಮೇಲೂ ಬೇಗ ಏನೂ ಸರಿಹೋಗಲಿಲ್ಲ. ಅವಳು ನೆಲದ ಮೇಲೆ ಮಲಗಲು ಒಪ್ಪಲಿಲ್ಲ. ಗಂಡ ಎತ್ತರದ ಮಂಚ ಮಾಡಿಸಿ ಪಡಸಾಲೆಯಲ್ಲಿ ಹಾಕಿದ, ಅಲ್ಲಿಂದ ಓಣಿಯ ಮಂದಿ ಕಾಣುತ್ತಿದ್ದರು. ನಾನು ವಾರಕ್ಕೊಮ್ಮೆ ಶಾಲೆಯಿಂದ ಆ ಕಡೆ ಹೋಗಿ ಬರುತ್ತಿದ್ದೆ. ಒಂದೊಂದು ದಿನ ಅವಳು ಮಾತೇ ಆಡುತ್ತಿರಲಿಲ್ಲ. ಒಂದೊಂದು ದಿನ ನನಗೇ ಬೈಯುತ್ತಿದ್ದಳು, ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡು ಬಂದೀಯ ಎಂದು. ಅವಳು ಬೈದ ದಿನ ನಾನು ಹಗುರವಾಗಿ ಬಸ್ಸು ಹತ್ತುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಅವಳು ಗಂಡನ ಜೊತೆ ಲಿಂಗಸುಗೂರಿಗೆ ಬಂದಳು. ಸೊರಗಿದ್ದಳು, ಕುಂಕುಮ ಮಾತ್ರ ಹಣೆಯ ತುಂಬ ಇತ್ತು. ಆ ದಿನ ಬೆಂಚಿನ ಮೇಲೆ ಜಾಗ ಇರಲಿಲ್ಲ. ಸಿಂಧನೂರಿನ ಕಡೆಯ ಒಬ್ಬ ಹುಡುಗಿ, ಅಣ್ಣನ ಕೈ ಬಿಡದೆ, ವರಾಂಡದ ಮೂಲೆಯಲ್ಲಿ ನಿಂತಿದ್ದಳು. ನಾನು ಎಷ್ಟು ಮಾತಾಡಿಸಿದರೂ ಬಾಯಿ ಬಿಟ್ಟಿರಲಿಲ್ಲ. ಹಟ್ಟಿಯಕ್ಕ ಸ್ವಲ್ಪ ಹೊತ್ತು ಅವಳನ್ನು ನೋಡಿದಳು, ಬುಟ್ಟಿ ಗಂಡನ ಕೈಗೆ ಕೊಟ್ಟಳು, ಆಮೇಲೆ ಹೋಗಿ ಆ ಹುಡುಗಿಯ ಪಕ್ಕಕ್ಕೆ ಗೋಡೆಗೆ ಒರಗಿ ನಿಂತಳು. ಏನು ಕೇಳಿದಳೋ ನನಗೆ ಕೇಳಿಸಲಿಲ್ಲ. ಹುಡುಗಿ ಅವಳ ಕಡೆ ತಿರುಗಿದಳು.